ಗಾಳಿ ಹೋಗುವ ದಾರಿ

ಆ ಭಾನುವಾರ ನಮ್ಮ ಇಗರ್ಜಿಯಲ್ಲಿ ಮಕ್ಕಳಿಗೆ ಮೊದಲ ಪರಮಪ್ರಸಾದ. ಹುಡುಗಿಯರಿಗೆಲ್ಲ ಬಿಳಿ ಫ್ರಾಕು, ಬಿಳಿ ವೇಲು, ಬಿಳಿ ಕಾಲುಚೀಲ. ಪೂಜೆ ಮುಗಿದು ಅವರು ಫೋಟೋ ತೆಗೆಸಿಕೊಳ್ಳಲು ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಊರಿಗೆಲ್ಲ ಬುದ್ಧಿ ಹೇಳುವ ಟೀಚರಾದ ನಾನು ಸರಿಯಾಗಿ ಅದೇ ಹೊತ್ತಿಗೆ ಅಂಗಳದಲ್ಲಿದ್ದ ನಮ್ಮ ಹಳೆಯ ಡೀಸೆಲ್ ಅಂಬಾಸಿಡರನ್ನು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದೆ. ಹಿಂದಿನಿಂದ ಹೊರಟ ಕಪ್ಪು ಹೊಗೆ ಮೆಟ್ಟಿಲು ಹತ್ತಿ, ಮಕ್ಕಳನ್ನೆಲ್ಲ ಮುಚ್ಚಿ, ಇಗರ್ಜಿಯ ಬಾಗಿಲವರೆಗೂ ಹೋಯಿತು. ಹೊಗೆ ಇಳಿದ ಮೇಲೆ ನೋಡಿದರೆ ವೇಲುಗಳ ಮೇಲೆ ಮಸಿಯ ಚುಕ್ಕಿ. ಒಬ್ಬ ತಾಯಿ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಆಗಷ್ಟೇ ಪರಮಪ್ರಸಾದ ತೆಗೆದುಕೊಂಡ ಬಾಯಿ ಅಲ್ಲದಿದ್ದರೆ ಏನಾದರೂ ಅಂದೇ ಬಿಡುತ್ತಿದ್ದಳು.

ಪಕ್ಕದ ಸೀಟಿನಲ್ಲಿದ್ದ ಮಾವನಿಗೆ ಇದೇನೂ ಕಾಣಿಸಲಿಲ್ಲ. ಅವರ ಕಣ್ಣಿಗೆ ಆಗಲೇ ಬೆಳಕು ಮತ್ತು ನೆರಳು ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ.

"ಯಾರು ಕೆಮ್ಮುದು?" ಎಂದು ಕೇಳಿದರು.

"ಎಲ್ಲರೂ," ಎಂದೆ.

ಫಾದರ್ ಕಿಟಕಿಯ ಹತ್ತಿರ ಬಂದು ಬಹಳ ಮೆತ್ತಗೆ ಹೇಳಿದರು, "ಬೇಸರ ಮಾಡ್ಬೇಡಿ ಟೀಚರ್. ಇನ್ನು ಮೇಲೆ ಕಾರು ರಸ್ತೆಯಲ್ಲೇ ನಿಲ್ಲಿಸಿದ್ರೆ ಒಳ್ಳೇದಿತ್ತು." ಬೈದಿದ್ದರೆ ನಾನೂ ಎರಡು ಮಾತು ಹೇಳಬಹುದಿತ್ತು. ಮೆತ್ತಗೆ ಹೇಳಿದವರಿಗೆ ಏನು ಹೇಳುವುದು?

ನಮ್ಮ ಮನೆ ಶಿರಿಯದಲ್ಲಿ, ಹೊಳೆ ಕಡಲು ಸೇರುವ ಜಾಗದಿಂದ ಕೂಗಿದರೆ ಕೇಳುವಷ್ಟು ದೂರ. ಊರವರು ನಮ್ಮ ಕ್ರೈಸ್ತ ಗಂಡಸರನ್ನು ಪೊರ್ಬುಗಳು, ಹೆಂಗಸರನ್ನು ಬಾಯಮ್ಮ ಎನ್ನುತ್ತಾರೆ. ಮಾವ ಕೊಬ್ಬರಿ ವ್ಯಾಪಾರಿ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೊಬ್ಬರಿ ಒಣಗಿಸಿ ಎಣ್ಣೆ ತೆಗೆಸಿ ಮಾರುತ್ತಿದ್ದರು. ವ್ಯಾಪಾರ ಚೆನ್ನಾಗಿದ್ದ ಕಾಲದಲ್ಲಿ ಯಾರೋ ಓಡಿಸಿ ಬಿಟ್ಟ ಈ ಕಾರನ್ನು ತಂದಿದ್ದರು. ಅತ್ತೆ ತೀರಿಕೊಂಡ ಮೇಲೆ, ಗಂಡ ಗಲ್ಫಿಗೆ ಹೋದ ಮೇಲೆ, ಮನೆಯಲ್ಲಿ ನಾನು, ಐದು ವರ್ಷದ ಮಗಳು, ಮಾವ, ಈ ಕಾರು. ಕಣ್ಣಿನ ನರ ಬತ್ತುತ್ತಿದೆ ಎಂದು ಡಾಕ್ಟರು ಹೇಳಿದ ದಿನ ಮಾವ ಕೀಲಿಕೈ ತಂದು ನನ್ನ ಕೈಗೆ ಕೊಟ್ಟಿದ್ದರು. ನನಗೆ ಓಡಿಸಲು ಕಲಿಸಿದ್ದೂ ಅವರೇ, ಅದೂ ಕಿವಿಯಿಂದ. ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು, "ಗೇರ್ ಬದಲಿಸು ಬಾಯೆ, ಅದು ಕೂಗುದು ನಿಂಗೆ ಕೇಳುದಿಲ್ವಾ?" ಎನ್ನುತ್ತಿದ್ದರು. ಬಾಯೆ ಎಂದರೆ ನಮ್ಮ ಕೊಂಕಣಿಯಲ್ಲಿ ಮಗಳನ್ನು ಕರೆಯುವ ಮಾತು. ಮನೆಯಲ್ಲಿ ನಾವು ಆಡುತ್ತಿದ್ದುದೆಲ್ಲ ಕೊಂಕಣಿಯೇ. ಇಲ್ಲಿ ಅದನ್ನು ನಮ್ಮ ಊರಿನ ಕನ್ನಡಕ್ಕೆ ತಂದಿದ್ದೇನೆ.

ಆ ಸಂಜೆ ಮಾವ ತೀರ್ಮಾನ ಹೇಳಿದರು. ನಮ್ಮ ಪಕ್ಕದ ಅನಂತಪುರದ ಕಡೆ ಕೆಂಪುಕಲ್ಲಿನ ಕ್ವಾರಿ ಇಟ್ಟ ಒಬ್ಬರಿಗೆ ಗುಂಡಿಯ ನೀರು ಮೇಲೆತ್ತಲು ಡೀಸೆಲ್ ಇಂಜಿನ್ ಬೇಕಂತೆ. ಕಾರಿನ ಮೈ ಗುಜರಿಗೆ, ಇಂಜಿನ್ ಕ್ವಾರಿಗೆ. ಮೇ ತಿಂಗಳ ಕೊನೆಯ ಶನಿವಾರ ಬಂದು ಕೊಂಡುಹೋಗುತ್ತಾರೆ.

"ಮಾತು ಕೊಟ್ಟು ಆಯ್ತು," ಎಂದರು. "ಅದಕ್ಕೂ ನನ್ನ ಹಾಗೆ ಪ್ರಾಯ ಆಯ್ತು ಬಾಯೆ. ಮಕ್ಕಳ ಮೇಲೆ ಮಸಿ ಉಗುಳ್ತಾ ಓಡುದು ಬೇಡ."

ಕಾರು ಹೋದರೆ ನನಗೆ ಆಗುವಂತಿರಲಿಲ್ಲ. ಯಾಕೆಂದರೆ ಹಿಂದಿನ ತಿಂಗಳೇ ನನಗೆ ವರ್ಗದ ಆರ್ಡರ್ ಬಂದಿತ್ತು. ಜೂನ್ ಒಂದರಿಂದ ಕುಂಬ್ಡಾಜೆಯ ಶಾಲೆಗೆ. ಮಾವನಿಗೂ ಅದು ಗೊತ್ತಿತ್ತು; ಈ ಕಾರು ಆ ಗುಡ್ಡ ಹತ್ತಲಾರದೆಂದು ಅವರ ಲೆಕ್ಕ. ಶಿರಿಯದಿಂದ ಕುಂಬ್ಡಾಜೆ ಗುಡ್ಡ ಹತ್ತಲು ಎರಡು ಬಸ್ಸು ಬದಲಿಸಬೇಕು, ಎರಡನೆಯದು ಮುಟ್ಟುವುದು ಶಾಲೆಯ ಮೊದಲ ಗಂಟೆ ಹೊಡೆದು ಮುಕ್ಕಾಲು ತಾಸಿನ ಮೇಲೆ. ಅಲ್ಲೇ ಕೋಣೆ ಹಿಡಿದು ಉಳಿಯೋಣವೆಂದರೆ ಐದು ವರ್ಷದ ಮಗಳನ್ನೂ ಕಣ್ಣು ಕಾಣದ ಮಾವನನ್ನೂ ಒಬ್ಬರ ಕೈಗೆ ಇನ್ನೊಬ್ಬರನ್ನು ಕೊಟ್ಟು ಹೋಗಬೇಕು. ಗಂಡನಿಗೆ ಬರೆದಿದ್ದೆ. ಅವರ ಉತ್ತರ ಒಂದೇ ಸಾಲು: ಅಷ್ಟು ಕಷ್ಟವಾದರೆ ಕೆಲಸ ಬಿಡು. ರ್‍ಯಾಂಕ್ ಲಿಸ್ಟಿನಲ್ಲಿ ಹೆಸರು ಬಂದು, ಆಮೇಲೆ ಸರಕಾರದ ಕರೆಗಾಗಿ ನಾಲ್ಕು ವರ್ಷ ದಿನ ಎಣಿಸಿ ಸಿಕ್ಕಿದ ಕೆಲಸ ಅದು. ಬಿಡು ಎಂದು ಬರೆಯಲು ಅರ್ಧ ಹನಿ ಶಾಯಿ ಸಾಕು. ಆ ಕಾಗದವನ್ನು ನಾನು ಮಡಚಿ ಬೈಬಲಿನೊಳಗೆ ಇಟ್ಟೆ. ಕಣ್ಣೆದುರಿಗೇ ಇಟ್ಟುಕೊಂಡಿದ್ದರೆ ಒಲೆಗೆ ಹಾಕುತ್ತಿದ್ದೆನೋ ಏನೋ.

ಕಾರು ಉಳಿದರೆ ಕೆಲಸ ಉಳಿಯುತ್ತದೆ. ಲೆಕ್ಕ ಅಷ್ಟೇ ಇತ್ತು.

ಮರುದಿನ ಬೆಳಿಗ್ಗೆ ಹೈವೇ ಬದಿಯ ಮೇಸ್ತ್ರಿಯ ಶೆಡ್ಡಿಗೆ ಕಾರು ಒಯ್ದೆ. ಈ ಮೇಸ್ತ್ರಿ ಬ್ಯಾರಿ, ಕೈ ಒಳ್ಳೆಯದು, ಬಾಯಿ ಅದಕ್ಕಿಂತ ಚುರುಕು. ಬಾನೆಟ್ ಎತ್ತಿ, ಹೊಗೆ ನೋಡಿ, ಎರಡು ನಿಮಿಷದಲ್ಲಿ ತೀರ್ಪು ಕೊಟ್ಟ.

"ಬೋರ್ ಹೋಗಿದೆ ಟೀಚರೇ, ಒಳಗೆ ಸಿಲಿಂಡರ್ ಸವೆದಿದೆ. ಇಂಜಿನ್ ಇಳಿಸದೆ ಆಗುದಿಲ್ಲ. ನನ್ನ ಕೈಯಲ್ಲಿ ಈಗ್ಲೇ ನಾಲ್ಕು ಇಂಜಿನ್ ಉಂಟು. ಜುಲೈ ಆಗ್ತದೆ."

"ಜೂನ್ ಒಂದಕ್ಕೆ ಶಾಲೆ ಶುರು."

"ಶಾಲೆಗೆ ರಜೆ ಕೊಡ್ಲಿಕ್ಕೆ ನನ್ನಿಂದ ಆಗ್ತದಾ ಮಾರಾಯ್ರೆ?"

ಹಲ್ಲು ಕಚ್ಚಿಕೊಂಡು ವಾಪಸು ಬಂದೆ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಆ ಕಪ್ಪು ಹೊಗೆ. ಅದನ್ನು ನೋಡುತ್ತಾ ನೋಡುತ್ತಾ ನನಗೆ ನನ್ನದೇ ಪಾಠ ನೆನಪಾಯಿತು. ಎಂಟನೆಯ ತರಗತಿಗೆ ಪ್ರತಿ ವರ್ಷ ನಾನೇ ಮಾಡಿ ತೋರಿಸುವುದು: ಉರಿಯುವ ಮೇಣದ ಬತ್ತಿಯ ಮೇಲೆ ಗ್ಲಾಸು ಅರ್ಧ ಕವುಚಿದರೆ ಜ್ವಾಲೆ ಕೆಂಪಾಗಿ ಮಸಿ ಬಿಡುತ್ತದೆ. ಯಾಕೆ ಮಕ್ಕಳೇ? ಗಾಳಿ ಸಾಲದ್ದಕ್ಕೆ ಟೀಚರ್. ಅಪೂರ್ಣ ದಹನ ಎಂದು ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆಯುತ್ತೇನೆ. ಹನ್ನೊಂದು ವರ್ಷ ಪಾಠ ಮಾಡಿದವಳಿಗೆ ಸ್ವಂತ ಕಾರಿನ ಹೊಗೆ ನೋಡಿ ಅದು ಹೊಳೆಯಲಿಲ್ಲ ನೋಡಿ! ಬೆಂಕಿಗೆ ಗಾಳಿ ಸಾಲುತ್ತಿಲ್ಲ. ಗಾಳಿ ಹೋಗುವ ದಾರಿಯಲ್ಲೇ ಏನೋ ಕೂತಿದೆ.

ರಸ್ತೆಯಲ್ಲೇ ಕಾರು ತಿರುಗಿಸಿದೆ.

"ಗಾಳಿ ಹೋಗುವ ಪೈಪು ಬಿಚ್ಚಿ ನೋಡಿದ್ದೀರಾ?" ಎಂದು ಮೇಸ್ತ್ರಿಯನ್ನು ಕೇಳಿದೆ.

"ಮ್ಯಾನಿಫೋಲ್ಡಾ? ಅದು ಬಿಚ್ಚಿ ಎಂತ ನೋಡುದು? ಅದ್ರಲ್ಲಿ ಗಾಳಿ ಅಲ್ವಾ ಇರುದು."

"ಹಾಗಾದ್ರೆ ಸ್ಪ್ಯಾನರ್ ಕೊಡಿ. ನಾನೇ ನೋಡ್ತೇನೆ."

ಆತ ನನ್ನ ಮುಖ ನೋಡಿದ, ಸೀರೆ ನೋಡಿದ, ಕೊನೆಗೆ ಎಣ್ಣೆ ಮೆತ್ತಿದ ಒಂದು ಚೀಲದಲ್ಲಿ ಸ್ಪ್ಯಾನರುಗಳನ್ನು ಸುತ್ತಿ ಕೊಟ್ಟ. ಬಾನೆಟ್ಟಿನೊಳಗೆ ಬೆರಳಿಟ್ಟು ತೋರಿಸಿದ. ಇಗೋ, ಈ ಅಲ್ಯೂಮಿನಿಯಂ ಕೊಳವೆ. ಒಂದು ಬಾಯಿ ಏರ್ ಫಿಲ್ಟರಿಗೆ, ನಾಲ್ಕು ಬಾಯಿ ಇಂಜಿನ್ನಿಗೆ. ಇದರಿಂದ ಒಂದು ಸಣ್ಣ ರಬ್ಬರ್ ಪೈಪು ಡೀಸೆಲ್ ಪಂಪಿಗೆ ಹೋಗುತ್ತದೆ. ಕೊಳವೆಯೊಳಗೆ ಗಾಳಿಯ ಎಳೆತ ಎಷ್ಟಿದೆಯೆಂದು ಪಂಪಿಗೆ ಗೊತ್ತಾಗುವುದು ಅದರಿಂದ.

"ಆ ಸಣ್ಣ ಪೈಪು ಸರಿ ಕೂತಿಲ್ಲ ಅಂದ್ರೆ ಇಂಜಿನಿಗೆ ಹುಚ್ಚು ಹಿಡೀತದೆ ಟೀಚರೇ. ನೆನಪಿರ್ಲಿ. ಮತ್ತೆ, ನಟ್ಟು ಕೂತ ಸ್ಟಡ್ ತುಂಡಾದ್ರೆ ನನ್ನ ಹೆಸ್ರು ಹೇಳ್ಬಾರ್ದು."

ಕೊಳವೆಯನ್ನು ಇಂಜಿನ್ನಿಗೆ ಬಿಗಿದದ್ದು ಆರು ನಟ್ಟು. ಕಡಲಿನ ಗಾಳಿಗೆ ನಮ್ಮ ಕಡೆ ಬಾಗಿಲ ಚಿಲಕವೇ ಎರಡು ವರ್ಷಕ್ಕೆ ತುಕ್ಕಾಗಿ ಉದುರುತ್ತದೆ. ಆ ನಟ್ಟುಗಳೋ ಸ್ಟಡ್ಡಿನ ಜೊತೆಗೇ ಹುಟ್ಟಿದಂತೆ ಕೂತಿದ್ದವು. ಮೊದಲ ದಿನ ಮೈಯೆಲ್ಲ ಭಾರ ಹಾಕಿ ತಿರುಗಿಸಿದೆ. ಒಂದೂ ಅಲುಗಲಿಲ್ಲ, ನನ್ನ ಬೆರಳ ಗೆಣ್ಣಿನ ಚರ್ಮ ಮಾತ್ರ ಹೋಯಿತು. ಎರಡನೆಯ ದಿನ ದೀಪದ ಬತ್ತಿಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಆರೂ ನಟ್ಟಿಗೆ ಕೊರಳಹಾರ ಹಾಕಿದ ಹಾಗೆ ಸುತ್ತಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬತ್ತಿಗೆ ಸೀಮೆಎಣ್ಣೆ ಬಿಡುವುದು, ಬಡಿಯುವುದು, ತಿರುಗಿಸುವುದು. ಮೂರನೆಯ ದಿನ ಮೊದಲ ನಟ್ಟು ಕಿರ್ರೆಂದಿತು. ನಾನು ಕೂಗಿದ ಕೂಗಿಗೆ ಮಗಳು ಹೆದರಿ ಓಡಿಬಂದಳು.

ಮೀನು ಮಾರಲು ಬರುವ ಹೆಂಗಸು ಬುಟ್ಟಿ ಇಳಿಸಿ ನಿಂತು ನೋಡಿದಳು. "ಎಂತ ಬಾಯಮ್ಮ ಇದು ಅವತಾರ? ಗಲ್ಫಿಂದ ಗಂಡ ಬಂದು ಈ ಕೈ ನೋಡಿದ್ರೆ ಓಡಿಹೋದಾರು!"

"ಓಡಿಹೋಗ್ಲಿಕ್ಕೆ ಅವರಿಗೆ ಕಾರು ಬೇಕಲ್ಲ, ಅದಕ್ಕೇ ರಿಪೇರಿ," ಎಂದೆ.

ಮಾವ ಜಗಲಿಯಲ್ಲಿ ಜಪಮಾಲೆ ಹಿಡಿದು ಕೂತು ಈ ಬಡಿತವನ್ನೆಲ್ಲ ಕೇಳುತ್ತಿದ್ದರು. ಆಗಾಗ "ಹೋಗುವ ಕಾರಿಗೆ ಯಾಕೆ ಮಂಡೆಬಿಸಿ ಮಾಡ್ತಿ?" ಎನ್ನುವರು. ಆದರೆ ನಾಲ್ಕನೆಯ ನಟ್ಟು ಎರಡು ದಿನ ಸತಾಯಿಸಿದಾಗ, ನಾನು ಸ್ಪ್ಯಾನರಿನ ಬಾಲಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ ನೇತಾಡುತ್ತಿದ್ದಾಗ, ಅಲ್ಲಿಂದಲೇ ಹೇಳಿದರು: "ಒಂದೇ ಸಮ ಎಳೀಬೇಡ. ಸ್ವಲ್ಪ ಬಿಗಿ ಮಾಡು, ಮತ್ತೆ ಬಿಡಿಸು. ಶಬ್ದ ಬದಲಾಗ್ತದೆ, ಆಗ ಎಳಿ." ಹಾಗೇ ಮಾಡಿದೆ. ಶಬ್ದ ಬದಲಾಯಿತು. ಆರನೆಯ ನಟ್ಟು ಬಿಚ್ಚುವಾಗ ಕ್ವಾರಿಯವರು ಬರುವ ಶನಿವಾರಕ್ಕೆ ಇನ್ನೂ ಒಂದು ವಾರ ಉಳಿದಿತ್ತು.

ಏರ್ ಫಿಲ್ಟರ್ ತೆಗೆದು, ಆಕ್ಸಿಲರೇಟರಿನ ಕಡ್ಡಿ ಬಿಡಿಸಿ, ಸಣ್ಣ ರಬ್ಬರ್ ಪೈಪು ಎಳೆದು, ಅಡ್ಡ ಬಂದ ಎರಡು ವಯರ್ ಕಳಚಿ, ಕೊಳವೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಿಸಿಲಿಗೆ ತಂದು ನೋಡಿದೆ. ಎರಡು ಬೆರಳು ಹೋಗಬೇಕಾದ ಬಾಯಿಯಲ್ಲಿ ನನ್ನ ಕಿರುಬೆರಳು ಹೋಗಲಿಲ್ಲ. ಒಳಗಿನ ಗೋಡೆಯ ಸುತ್ತ ಕಪ್ಪು ಅಂಟು ಕಟ್ಟಿತ್ತು, ಹಲಸಿನ ಮೇಣದಷ್ಟು ದಪ್ಪ, ಹಲಸಿನ ಮೇಣದಷ್ಟೇ ಹಠಮಾರಿ. ಬೋರೂ ಇಲ್ಲ, ಮಣ್ಣೂ ಇಲ್ಲ! ಪಾಪದ ಇಂಜಿನ್ ಇಷ್ಟು ದಿನ ಮೂಗು ಕಟ್ಟಿದ ಮಗುವಿನ ಹಾಗೆ ಉಸಿರು ಎಳೆದುಕೊಂಡು ನನ್ನನ್ನು ಗುಡ್ಡ ಹತ್ತಿಸುತ್ತಿತ್ತು. ನನಗೆ ಖುಷಿಯಾಯಿತು, ಜೊತೆಗೆ ಅಳುವೂ ಬಂತು.

ಖುಷಿ ಸಂಜೆಯವರೆಗೆ ಇರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿದೆ, ಮೇಲಿನ ಮಸಿ ಹೋಯಿತು, ಅಂಟು ಹೋಗಲಿಲ್ಲ. ತೆಂಗಿನ ಗರಿಯ ಕಡ್ಡಿ ಹಾಕಿ ಕೆರೆದೆ. ಕಡ್ಡಿ ಒಳಗೆ ತುಂಡಾಯಿತು. ಬಿದಿರಿನ ಚೂರು, ತೆಂಗಿನ ನಾರು, ಹಳೆಯ ಹಲ್ಲುಜ್ಜುವ ಬ್ರಶ್ಶು. ಕಬ್ಬಿಣ ಹಾಕುವಂತಿಲ್ಲ, ಅಲ್ಯೂಮಿನಿಯಂ ಗೀರಿಹೋಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನ್ನ ಕೈ ಡಾಂಬರಾಗಿ ಮೂರು ದಿನವಾದರೂ ಮೊಸರು ಕಾಣಲಿಲ್ಲ. ಅನ್ನ ಕಲಸಿದರೂ ಸೀಮೆಎಣ್ಣೆ ವಾಸನೆ. ಮಗಳು ನನ್ನ ಕೈತುತ್ತು ಬೇಡವೆಂದು ಅಜ್ಜನ ಹತ್ತಿರ ಹೋಗಿ ಕೂತಳು.

ನಾಲ್ಕನೆಯ ದಿನ ಅಡುಗೆಮನೆಯ ಬುದ್ಧಿ ಉಪಯೋಗಿಸಿದೆ. ಜಿಡ್ಡು ಹಿಡಿದ ಪಾತ್ರೆಯನ್ನು ಯಾರೂ ತಣ್ಣೀರಿನಲ್ಲಿ ತಿಕ್ಕುವುದಿಲ್ಲ. ಬಟ್ಟೆ ಬೇಯಿಸುವ ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ಬಾರ್ ಸೋಪು ಹೆರೆದು ಹಾಕಿ, ಕೊಳವೆಯನ್ನು ಮುಳುಗಿಸಿ ಅಂಗಳದ ಒಲೆಯ ಮೇಲೆ ಇಟ್ಟೆ. ಸೋಡಾ ಮಾತ್ರ ಹಾಕಲಿಲ್ಲ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ತಾಗಿದರೆ ಕೊರೆದುಬಿಡುತ್ತದೆಂದು ಅತ್ತೆಯ ಒಂದು ಪಾತ್ರೆಯನ್ನು ಹಾಳುಮಾಡಿ ಕಲಿತಿದ್ದೆ. ನೀರು ಕುದಿ ಬಂದು ಕೊಳವೆ ಬಿಸಿಯಾಗುತ್ತಿದ್ದ ಹಾಗೆ ಅಂಟು ಮೆತ್ತಗಾಗಿ ನೀರಿನ ಮೇಲೆ ಕಪ್ಪು ಹನಿಹನಿಯಾಗಿ ಏಳತೊಡಗಿತು. ಅದರ ಜೊತೆ ಒಂದು ವಾಸನೆಯೂ ಎದ್ದಿತು. ಡೀಸೆಲ್ಲಿನದ್ದಲ್ಲ, ಸೀಮೆಎಣ್ಣೆಯದ್ದಲ್ಲ. ಈ ಮನೆಗೆ ಬಂದ ದಿನದಿಂದ ಬಟ್ಟೆಗೂ ಹಾಸಿಗೆಗೂ ಅಂಟಿದ ವಾಸನೆ. ಕೊಬ್ಬರಿ ಎಣ್ಣೆ ಸೀದ ವಾಸನೆ.

ಜಗಲಿಯಲ್ಲಿ ಜಪಮಾಲೆ ನಿಂತಿತು.

ಕಾರಿನ ಏರ್ ಫಿಲ್ಟರಿನ ಒಳಗೆ ಒಂದು ತಟ್ಟೆ ಇರುತ್ತದೆ. ಅದರಲ್ಲಿ ಗುರುತಿನವರೆಗೆ ಎಂಜಿನ್ ಆಯಿಲ್ ಹಾಕಿಡಬೇಕು. ಒಳಗೆ ಹೋಗುವ ಗಾಳಿಯ ಧೂಳು ಆ ಎಣ್ಣೆಗೆ ಅಂಟಿಕೊಳ್ಳುತ್ತದೆ. ಆ ತಟ್ಟೆಯನ್ನು ನಾನು ಕೆಳಗಿಟ್ಟಿದ್ದೆ, ಮೂಸಿ ನೋಡಿರಲಿಲ್ಲ. ಈಗ ಓಡಿಹೋಗಿ ಮೂಸಿದೆ. ಗುರುತು ದಾಟಿ ಅಂಚಿನವರೆಗೆ ಕೊಬ್ಬರಿ ಎಣ್ಣೆ. ಹೆಚ್ಚಾದದ್ದನ್ನು ಇಂಜಿನ್ ಗಾಳಿಯ ಜೊತೆ ಎಳೆದು ಎಳೆದು ಕೊಳವೆಗೆ ಬಳಿದಿತ್ತು, ಅದರ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಎಣ್ಣೆ. ಚಳಿಗಾಲದಲ್ಲಿ ಬಾಟಲಿಯೊಳಗೇ ಗಟ್ಟಿಯಾಗುವ ಎಣ್ಣೆ ಕೊಳವೆಯಲ್ಲಿ ಸುಮ್ಮನಿರುತ್ತದೆಯೇ?

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ತಟ್ಟೆ ಹಿಡಿದುಕೊಂಡೇ ಜಗಲಿ ಹತ್ತಿದೆ.

"ಇದು ಎಂತ ಮಾವ?"

ಅವರು ಜಪಮಾಲೆಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಹೇಳಿದರು, "ಎಂಜಿನ್ ಆಯಿಲ್ ಅಂದ್ರೆ ಕೆಸರಿನ ಹಾಗೆ. ನಮ್ಮ ಎಣ್ಣೆ ಚೊಕ್ಕ ಉಂಟು. ಕಾರಿಗೆ ಒಳ್ಳೇದೇ ಕೊಡುವ ಅಂತ ಎಣಿಸಿದ್ದು."

"ಯಾವಾಗಿಂದ?"

"ಕಣ್ಣು ಹೋದ ಮೇಲೆ. ಪ್ರತಿ ಶನಿವಾರ."

ಗುರುತು ಕಾಣದ್ದರಿಂದ ತಟ್ಟೆಯೊಳಗೆ ಬೆರಳು ಇಳಿಬಿಟ್ಟು, ಎಣ್ಣೆ ಬೆರಳಿಗೆ ಚೆನ್ನಾಗಿ ತಾಗುವವರೆಗೆ ಹಾಕುತ್ತಿದ್ದರಂತೆ. ಕಡಿಮೆಯಾಗುವುದಕ್ಕಿಂತ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು. ಆಗ ನನಗೆ ಇನ್ನೊಂದು ಹೊಳೆಯಿತು. ಶನಿವಾರ ಸಂಜೆಗಳಲ್ಲಿ ಮಾವನ ಬಿಳಿ ಕೂದಲು ಎಣ್ಣೆಯಿಂದ ಮಿರಮಿರ ಹೊಳೆಯುತ್ತಿತ್ತು. ಮರುದಿನದ ಪೂಜೆಗೆ ಮುದುಕನ ಶೃಂಗಾರ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಬೆರಳಿಗೆ ತಾಗಿದ ಎಣ್ಣೆ ಹಾಳಾಗಬಾರದೆಂದು ತಲೆಗೆ ಒರೆಸಿಕೊಳ್ಳುತ್ತಿದ್ದರು, ಅಷ್ಟೇ.

ಅಷ್ಟು ಕೇಳಿದ ಮೇಲಾದರೂ ನಾನು ಬಾಯಿ ಮುಚ್ಚಬೇಕಿತ್ತು. ಹತ್ತು ದಿನದ ಗೆಣ್ಣು ನೋವು, ಬೈಬಲಿನೊಳಗಿನ ಕಾಗದ, ಫಾದರ್ ಹೇಳಿದ ಮಾತು ಎಲ್ಲ ಒಟ್ಟಿಗೆ ನಾಲಿಗೆಗೆ ಬಂತು.

"ಪ್ರಾಯ ಆದದ್ದು ಕಾರಿಗಲ್ಲ ಮಾವ. ಅದರ ಉಸಿರು ಕಟ್ಟಿಸಿದ್ದು ನೀವು. ನನ್ನ ಕೆಲಸಕ್ಕೂ ನೀವೇ ಎಣ್ಣೆ ಬಿಟ್ಟದ್ದು."

ಮಾವ ಜಪಮಾಲೆಯನ್ನು ಜೇಬಿಗೆ ಹಾಕಿ, ಗೋಡೆ ತಡವುತ್ತಾ ಒಳಗೆ ಹೋದರು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಕಣ್ಣಿಲ್ಲದ ಮನುಷ್ಯನಿಗೆ ಆ ಕಾರಿಗಾಗಿ ಮಾಡಲು ಉಳಿದಿದ್ದ ಕೆಲಸ ಅದೊಂದೇ ಎಂದು ಗೊತ್ತಿದ್ದೂ ನಾನು ಹಾಗೆ ಹೇಳಿದ್ದೆ. ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳಲು ನನಗೆ ಬರುತ್ತಿರಲಿಲ್ಲ. ಈಗಲೂ ಸರಿಯಾಗಿ ಬರುವುದಿಲ್ಲ.

ಮರುದಿನ ಮತ್ತೆ ನೀರು ಕುದಿಸಿದೆ. ಬೇಯಿಸುವುದು, ಬಿಸಿಯಿದ್ದಾಗಲೇ ಬಟ್ಟೆ ಸುತ್ತಿ ಹಿಡಿದು ನಾರು ಹಾಕಿ ತಿಕ್ಕುವುದು, ನೀರು ಚೆಲ್ಲುವುದು, ಮತ್ತೆ ಬೇಯಿಸುವುದು. ಏಳು ಸಲ. ಗುರುವಾರ ಸಂಜೆ ಕೊಳವೆಯ ಒಂದು ಬಾಯಿಗೆ ಕಣ್ಣಿಟ್ಟರೆ ಇನ್ನೊಂದು ಬಾಯಿಯಲ್ಲಿ ನಮ್ಮ ತೆಂಗಿನ ಮರ ಕಾಣಿಸಿತು. ಸಣ್ಣ ರಬ್ಬರ್ ಪೈಪನ್ನೂ ಬಿಡದೆ ತೊಳೆದೆ. ಮೇಸ್ತ್ರಿಯ ಶೆಡ್ಡಿನಿಂದ ಗಾಳಿ ಸೋರದಂತೆ ಇಡುವ ಹೊಸ ಪ್ಯಾಕಿಂಗ್ ಶೀಟ್ ತಂದು, ಕೊಳವೆಯ ಬಾಯಿಗೆ ಒತ್ತಿ ಗುರುತು ಮಾಡಿ, ಮಗಳ ಕತ್ತರಿಯಿಂದ ಕತ್ತರಿಸಿ ಕೂರಿಸಿದೆ. ಆರು ನಟ್ಟು ಬಿಗಿದೆ.

ಶುಕ್ರವಾರ ಬೆಳಿಗ್ಗೆ ಏರ್ ಫಿಲ್ಟರ್ ಹಾಕುವ ಮೊದಲೇ ಒಮ್ಮೆ ನೋಡಿಬಿಡೋಣವೆಂದು ಕೀಲಿ ತಿರುಗಿಸಿದೆ. ಒಂದೇ ಎಳೆತಕ್ಕೆ ಸ್ಟಾರ್ಟ್! ಹೊಗೆ ಇಲ್ಲ! ಆದರೆ ಶಬ್ದ ಏರತೊಡಗಿತು. ಕಾಲು ಆಕ್ಸಿಲರೇಟರಿನ ಮೇಲೆ ಇಲ್ಲ, ಶಬ್ದ ಏರುತ್ತಲೇ ಇದೆ. ಬಾನೆಟ್ ನಡುಗಿತು, ಕೊಟ್ಟಿಗೆಯ ಹಂಚು ನಡುಗಿತು. ಡೀಸೆಲ್ ಇಂಜಿನ್ ಕೀಲಿ ತೆಗೆದರೆ ನಿಲ್ಲುವುದಿಲ್ಲ, ಸ್ಟಾಪ್ ಎಂದು ಬರೆದ ಗುಂಡಿ ಎಳೆಯಬೇಕು. ಎಳೆದೆ. ಗುಂಡಿ ಸಡಿಲವಾಗಿ ಕೈಗೆ ಬಂತು, ಇಂಜಿನ್ ಇನ್ನೂ ಮೇಲಕ್ಕೆ ಕೂಗಿತು. ನನಗೆ ಏನೂ ತೋಚಲಿಲ್ಲ. ಹೊರಗೆ ಹಾರಿ ನಿಂತು, ಒಡೆದುಹೋಗುತ್ತದೆ, ಒಡೆದೇ ಹೋಗುತ್ತದೆ ಎಂದು ಕಿರುಚುತ್ತಿದ್ದೆ.

ಎರಡು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದ ಮಾವ ಕೊಟ್ಟಿಗೆಯಿಂದ ಕೊಬ್ಬರಿಯ ಗೋಣಿಚೀಲ ಎಳೆದುಕೊಂಡು, ಬಾವಿಕಟ್ಟೆಯ ಬಾಲ್ದಿಯಲ್ಲಿ ಅದ್ದಿ, ಶಬ್ದ ಬಂದ ಕಡೆಗೆ ನೇರ ನಡೆದು ಬಂದರು. ಒಂದು ಕೈ ಮಡ್‌ಗಾರ್ಡಿನ ಮೇಲೆ ಸವರಿ, ಮಡಚಿದ ಗೋಣಿಯನ್ನು ಕೊಳವೆಯ ತೆರೆದ ಬಾಯಿಗೆ ಧಪ್ಪನೆ ಇಟ್ಟು ಎರಡೂ ಅಂಗೈಯಿಂದ ಒತ್ತಿ ಹಿಡಿದರು. ಇಂಜಿನ್ ಬಿಕ್ಕಿತು, ಕೆಮ್ಮಿತು, ನಿಂತಿತು.

ಕಡಲಿನ ಶಬ್ದ ಮತ್ತೆ ಕೇಳಿಸಿತು.

"ಎಂತ ಬಿಟ್ಟದ್ದು?" ಎಂದು ಮಾವ ಕೇಳಿದರು.

ನೋಡಿದೆ. ಕೊಳವೆ ತೆಗೆಯುವಾಗ ಅಡ್ಡ ಬಂತೆಂದು ಕಳಚಿದ ಎರಡು ವಯರಿನಲ್ಲಿ ಒಂದು ಅಲ್ಲೇ ನೇತಾಡುತ್ತಿತ್ತು. "ಸ್ಟಾಪಿನ ವಯರ್ ಸಿಕ್ಕಿಸ್ಲೇ ಇಲ್ಲ ಮಾವ."

ಅವರ ಬೆರಳು ಆಗಲೇ ಸಣ್ಣ ರಬ್ಬರ್ ಪೈಪಿನ ಮೇಲೆ ಓಡುತ್ತಿತ್ತು. ಮಧ್ಯದಲ್ಲಿ ಒಂದು ಕಡೆ ನಿಂತಿತು. "ಇಲ್ಲಿ ಸೀಳಿದೆ. ಇಷ್ಟು ದಿನ ಎಣ್ಣೆಯ ಅಂಟು ಮುಚ್ಚಿ ಹಿಡಿದಿತ್ತು. ನೀನು ಚೊಕ್ಕ ತೊಳೆದಿ."

ಅಂದರೆ ಅವರ ತಪ್ಪು ಹಿಡಿದಿಟ್ಟಿದ್ದನ್ನು ನನ್ನ ಶುಚಿ ಬಿಚ್ಚಿತ್ತು, ಅದರ ಮೇಲೆ ನನ್ನದೇ ಮರೆವು. ಎಲ್ಲರ ಮನೆಯ ದೋಸೆಯೂ ತೂತೇ. ಮಾವ ಈಗ ಒಂದು ಮಾತು ಹೇಳಿದ್ದರೆ ನಾನು ತಲೆ ತಗ್ಗಿಸಿ ಕೇಳಬೇಕಿತ್ತು. ಅವರು ಒದ್ದೆ ಗೋಣಿ ಹಿಂಡುತ್ತಾ ನಕ್ಕರು.

"ಮೊನ್ನೆ ನಾನು ಹಾಗೆ ಹೇಳಬಾರದಿತ್ತು," ಎಂದೆ. ಜೀವಮಾನದಲ್ಲಿ ಆ ಮಾತು ನನ್ನ ಬಾಯಿಂದ ಅಷ್ಟು ಸುಲಭವಾಗಿ ಬಂದದ್ದು ಅದೊಂದೇ ಸಲ.

"ಹೇಳಿದ್ದು ಸರಿಯೇ ಉಂಟು. ಮೊದಲು ಪೈಪು ತಾ."

ಮೇಸ್ತ್ರಿ ಹೊಸ ಪೈಪು ಕೊಟ್ಟ. ಸಂಜೆ ಅಂಗಡಿ ಮುಚ್ಚಿ ನಮ್ಮ ಮನೆಗೆ ಬಂದು, ನನ್ನ ಆರು ನಟ್ಟನ್ನೂ ಮುಟ್ಟಿ ನೋಡಿ, "ಬಿಗಿ ಉಂಟು," ಎಂದು ಹೇಳಿ ಹೋದ.

ಶನಿವಾರ ಕ್ವಾರಿಯವರು ಬಂದರು. ಇಸ್ತ್ರಿ ಮಾಡಿದ ಬಿಳಿ ಮುಂಡು, ಬಿಳಿ ಶರಟು, ಜೊತೆಗೆ ಕಾರು ಎಳೆದೊಯ್ಯಲು ಒಂದು ಜೀಪು. ಮಾವ ಅವರಿಗೆ ಚಹಾ ಕೊಡಿಸಿ, ಕೈಹಿಡಿದು ಕಾರಿನ ಹಿಂದೆ, ಸೈಲೆನ್ಸರಿನ ಬಾಯಿಯ ಎದುರಿಗೇ ನಿಲ್ಲಿಸಿದರು.

"ಬಾಯೆ, ಸ್ಟಾರ್ಟ್ ಮಾಡು. ಚೆನ್ನಾಗಿ ಒತ್ತು."

ಒತ್ತಿದೆ. ಇಂಜಿನ್ ಗುಡುಗಿತು, ಬಿಟ್ಟಾಗ ಶಾಂತವಾಗಿ ಇಳಿಯಿತು. ಇನ್ನೊಮ್ಮೆ ಒತ್ತಿದೆ.

"ನಿಮ್ಮ ಮುಂಡು ಈಗ ಯಾವ ಬಣ್ಣ ಉಂಟು?" ಎಂದು ಮಾವ ಕೇಳಿದರು.

ಕ್ವಾರಿಯವರು ಬಗ್ಗಿ ನೋಡಿಕೊಂಡರು. "ಬಿಳಿಯೇ ಉಂಟಲ್ಲ ಪೊರ್ಬುಗಳೇ."

"ಹಾಗಾದ್ರೆ ಈ ಇಂಜಿನ್ ಕಲ್ಲಿನ ಗುಂಡಿಗೆ ಇಲ್ಲ. ಇದಕ್ಕೆ ಜೂನ್ ಒಂದಕ್ಕೆ ಕುಂಬ್ಡಾಜೆ ಶಾಲೆಗೆ ಹೋಗ್ಲಿಕ್ಕುಂಟು."

"ಮಾತು ಕೊಟ್ಟದ್ದು?"

"ಮಾತು ಕೊಟ್ಟದ್ದು ಸತ್ತ ಇಂಜಿನಿಗೆ. ಇದ್ರಲ್ಲಿ ಜೀವ ಉಂಟು. ತಪ್ಪು ನನ್ನದೇ, ಕ್ಷಮಿಸಿ. ಊಟ ಮಾಡಿಯೇ ಹೋಗ್ಬೇಕು."

ಅವರು ಸಿಟ್ಟಿನಲ್ಲೇ ಕೂತು ಊಟಕ್ಕೆ ತೊಡಗಿದರು. ಎರಡನೆಯ ಸಲ ಮೀನು ಬಡಿಸಿಕೊಳ್ಳುವಾಗ ಸಿಟ್ಟು ಇಳಿದಿತ್ತು.

ಅವರು ಹೋದ ಮೇಲೆ ನಾನು ಏರ್ ಫಿಲ್ಟರಿನ ತಟ್ಟೆಯನ್ನು ಮಡಿಲಲ್ಲಿಟ್ಟು ಕೂತೆ. ಇನ್ನು ಅದನ್ನು ಮುಟ್ಟಬೇಡಿ ಎಂದರೆ ಮುಗಿಯಿತು; ಮಾವ ಮುಟ್ಟುವವರಲ್ಲ. ಆದರೆ ಗೋಣಿಯ ಮೇಲೆ ಒತ್ತಿ ಹಿಡಿದ ಆ ಎರಡು ಅಂಗೈ ನನಗೆ ಮರೆಯಲಿಲ್ಲ. ಒಂದು ಮೊಂಡು ಮೊಳೆ ತೆಗೆದುಕೊಂಡು, ತಟ್ಟೆಯ ಹೊರಗಿನಿಂದ, ಸರಿಯಾಗಿ ಗುರುತಿನ ಮಟ್ಟಕ್ಕೆ, ತೂತು ಬೀಳದ ಹಾಗೆ ಮೆಲ್ಲ ಮೆಲ್ಲ ಬಡಿದೆ. ಒಳಗೆ ಮೆಣಸಿನ ಕಾಳಿನಷ್ಟು ಒಂದು ಉಬ್ಬು ಎದ್ದಿತು. ಮಾವನ ಬೆರಳು ಹಿಡಿದು ಅದರ ಮೇಲೆ ಇಟ್ಟೆ.

"ಇಲ್ಲಿವರೆಗೆ. ಎಂಜಿನ್ ಆಯಿಲ್. ಡಬ್ಬ ಕೊಟ್ಟಿಗೆಯ ಎಡಬದಿಯಲ್ಲಿ ಉಂಟು. ಪ್ರತಿ ಶನಿವಾರ ನೀವೇ ನೋಡ್ಬೇಕು, ನನಗೆ ಪುರುಸೊತ್ತಿಲ್ಲ."

ಅವರು ಆ ಉಬ್ಬನ್ನು ಎರಡು ಸಲ ಸವರಿದರು.

ಜೂನ್ ಒಂದರಂದು ಮಳೆಯಲ್ಲಿ ಕುಂಬ್ಡಾಜೆಯ ಏರು ಹತ್ತಿದೆ. ಕಾರು ಎರಡನೇ ಗೇರಿನಲ್ಲಿ ಗೊಣಗದೆ ಹತ್ತಿತು. ಕನ್ನಡಿಯಲ್ಲಿ ರಬ್ಬರ್ ಮರಗಳು ಕಾಣಿಸುತ್ತಿದ್ದವು. ಇಷ್ಟು ದಿನ ಹೊಗೆ ಮಾತ್ರ ಕಾಣುತ್ತಿದ್ದ ಕನ್ನಡಿ ಅದು. ಮೊದಲ ಗಂಟೆಗೆ ಇನ್ನೂ ಹತ್ತು ನಿಮಿಷವಿರುವಾಗಲೇ ರಿಜಿಸ್ಟರಿನಲ್ಲಿ ಸಹಿ ಹಾಕಿದೆ. ಉಗುರಿನ ಸಂದಿಯ ಕಪ್ಪು ನೋಡಿ ಹೆಡ್ ಮಾಸ್ಟರು ಕನ್ನಡಕ ಸರಿಮಾಡಿಕೊಂಡರು.

ಆ ವಾರದ ಶನಿವಾರ ಸಂಜೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮಾವ ಬಾನೆಟ್ ಎತ್ತಿದರು. ತಟ್ಟೆಯೊಳಗೆ ಬೆರಳಿಟ್ಟು ಎಣ್ಣೆ ಬಿಟ್ಟರು, ಉಬ್ಬು ಸಿಕ್ಕಿದ ಕೂಡಲೇ ಡಬ್ಬ ನೆಟ್ಟಗೆ ಮಾಡಿದರು. ಓಡಿಹೋಗಿ ನೋಡಬೇಕೆಂದು ನನ್ನ ಕಾಲು ಚಡಪಡಿಸಿತು, ಹೋಗಲಿಲ್ಲ. ಮುಚ್ಚಳ ಬಿಗಿದು, ಬೆರಳಿಗೆ ತಾಗಿದ ಎಂಜಿನ್ ಆಯಿಲನ್ನು ಹಾಳಾಗಬಾರದೆಂದು, ಹಳೆಯ ಅಭ್ಯಾಸದಂತೆ, ತಲೆಗೆ ಚೆನ್ನಾಗಿ ತಿಕ್ಕಿಕೊಂಡರು.

ಮರುದಿನ ಪೂಜೆಗೆ ಅದೇ ತಲೆ. ನಮ್ಮ ಬೆಂಚಿನವರೆಲ್ಲ ಮೂಗು ಅರಳಿಸಿ ಅತ್ತಿತ್ತ ನೋಡುತ್ತಿದ್ದರು. ನಾನು ಜಪದ ಪುಸ್ತಕದಲ್ಲಿ ಮುಖ ಮುಚ್ಚಿ ಕೂತಿದ್ದೆ, ನಗುವಿಗೋ ಅಳುವಿಗೋ ಎಂದು ಕೇಳಿದರೆ ಹೇಳಲಾರೆ.

ಅಂದು ಕಾರನ್ನು ನಾನು ರಸ್ತೆಯಲ್ಲಿ ನಿಲ್ಲಿಸಿರಲಿಲ್ಲ. ಫಾದರ್ ಹೇಳಿದ್ದು ಮರೆತಿರಲಿಲ್ಲ, ಬೇಕೆಂದೇ ಅಂಗಳಕ್ಕೆ, ಮೆಟ್ಟಿಲಿನ ಎದುರಿಗೇ ತಂದಿದ್ದೆ. ಪೂಜೆ ಮುಗಿದು ಜನ ಇಳಿದು ಬರುತ್ತಿದ್ದರು. ನಾನು ಬಾಗಿಲು ತೆರೆದದ್ದು ಕಂಡದ್ದೇ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿ ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಫಾದರ್ ಇಗರ್ಜಿಯ ಬಾಗಿಲಲ್ಲೇ ನಿಂತರು. ನಾನು ಸ್ಟಾರ್ಟ್ ಮಾಡಿ ಆಕ್ಸಿಲರೇಟರನ್ನು ಕೊನೆಯವರೆಗೆ ಒತ್ತಿದೆ.

ಮಾವ ಪಕ್ಕದ ಸೀಟಿನಲ್ಲಿ ಕಿಟಕಿಯ ಹೊರಗೆ ಕಿವಿ ಚಾಚಿ ಕೂತಿದ್ದರು.

"ಯಾರಾದ್ರೂ ಕೆಮ್ಮಿದ್ರಾ ಬಾಯೆ?"

"ಇಲ್ಲ ಮಾವ."

"ಹಾಗಾದ್ರೆ ಹೋಗುವ," ಎಂದರು.